ಮಗಳ ಕಾಲೇಜು ಪೋರ್ಟಲ್ ದಿನಾ ನೋಡುತ್ತಿದ್ದೇನೆ. ಜೊತೆಗೆ ಟ್ಯೂಷನ್ನೂ ಹಾಕಿಸಲೇ?

ಹಾಜರಾತಿ ಶೇ. 90ರ ಮೇಲಿದೆ, ಅಸೈನ್‌ಮೆಂಟ್ ಅಂಕಗಳೂ ಚೆನ್ನಾಗಿವೆ, ಆದರೂ ಏನೋ ಅಳುಕು ಅಂದಿರಿ. ನಿಮ್ಮ ಅಳುಕನ್ನೇ ನಂಬಿ, ಪೋರ್ಟಲನ್ನು ನಂಬಬೇಡಿ. ಮಗ ಮೊದಲ ಸೆಮಿಸ್ಟರ್‌ನಲ್ಲಿದ್ದಾಗ ಅವನ ಪಾಸ್‌ವರ್ಡ್ ನನ್ನ ಬಳಿಯೂ ಇತ್ತು. ಎದ್ದ ಕೂಡಲೇ ತೆರೆದು ನೋಡುತ್ತಿದ್ದೆ. ಎಲ್ಲ ಹಸಿರಾಗಿದ್ದರೆ ಆ ದಿನ ನಿಶ್ಚಿಂತೆ.

ಸಂಖ್ಯಾಶಾಸ್ತ್ರದಲ್ಲಿ ಅವನ ಹಾಜರಾತಿ ಶೇ. 92, ಅಸೈನ್‌ಮೆಂಟಿಗೆ 15ಕ್ಕೆ 13. ಏಳನೇ ವಾರ ಬರೆದ ಟೆಸ್ಟಿನ ಅಂಕ ಪೋರ್ಟಲ್ಲಿಗೆ ಏರಿದ್ದು ಹತ್ತನೇ ವಾರ: 25ಕ್ಕೆ 8. ಆ ವಿಷಯವನ್ನು ದಾಖಲೆಯಲ್ಲಿ ಕಲೆ ಉಳಿಯದಂತೆ ಕೈಬಿಡುವ ಗಡುವು ಒಂಬತ್ತನೇ ವಾರಕ್ಕೇ ಮುಗಿದಿತ್ತು. ಕೈಯಲ್ಲಿದ್ದದ್ದು 40ಕ್ಕೆ 21. ಒಟ್ಟು 100ಕ್ಕೆ 60 ಆಗಬೇಕಾದರೆ ಅಂತಿಮ ಪರೀಕ್ಷೆಯಲ್ಲಿ 60ಕ್ಕೆ 39 ಬೇಕು, ಅಂದರೆ ಶೇ. 65. ಟೆಸ್ಟಿನಲ್ಲಿ ಬಂದದ್ದು ಶೇ. 32. ಉಳಿದ ಐದಾರು ವಾರದಲ್ಲಿ ಎರಡರಷ್ಟು ಮೇಲೇರಬೇಕಿತ್ತು, ಏರಲಿಲ್ಲ.

ನಾನು ಎಡವಿದ್ದು ಎಲ್ಲಿ ಅನ್ನುವುದನ್ನು ಬಿಡಿಸಿಯೇ ಹೇಳುತ್ತೇನೆ. ಹಾಜರಾತಿ ಎಣಿಸುವುದು ಬೆಂಚಿನ ಮೇಲೆ ಕೂತದ್ದನ್ನು ಮಾತ್ರ. ಅಸೈನ್‌ಮೆಂಟನ್ನು ಮಕ್ಕಳು ಪಕ್ಕದಲ್ಲಿ ನೋಟ್ಸ್ ತೆರೆದಿಟ್ಟು, ಗೆಳೆಯರನ್ನು ಕೇಳಿ, ಮಾದರಿ ಲೆಕ್ಕ ನೋಡಿ ಮಾಡುತ್ತಾರೆ. ಅದು ಕಳ್ಳತನವೇನಲ್ಲ. ಆದರೆ ಕಂಡದ್ದನ್ನು ಗುರುತು ಹಿಡಿಯುವುದು ಬೇರೆ, ಕಾಣದ್ದನ್ನು ನೆನಪಿನಿಂದ ಎಳೆದು ತರುವುದು ಬೇರೆ. ಪರೀಕ್ಷೆ ಕೇಳುವುದು ಎರಡನೆಯದನ್ನು. 13/15 ಮತ್ತು 8/25ರ ನಡುವಿನ ಕಂದಕ ಅದೇ. ಅಂಕ ಬರುವವರೆಗೆ ನನಗದು ಕಾಣಲಿಲ್ಲ, ಅಂಕವೋ ಮೂರು ವಾರ ಹಳಸಿ ಬಂತು. ಮಗನೂ ಸುಳ್ಳು ಹೇಳಿರಲಿಲ್ಲ. ಪುಸ್ತಕವನ್ನು ಎರಡು ಮೂರು ಸಲ ಓದಿದ್ದ, ಓದುವಾಗ ಎಲ್ಲವೂ ಅರ್ಥವಾಗುತ್ತಿತ್ತು. ರೋಡಿಗರ್ ಮತ್ತು ಕಾರ್ಪಿಕ್ ಎಂಬ ಮನೋವಿಜ್ಞಾನಿಗಳು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಂಡದ್ದೂ ಇದೇ: ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಮತ್ತೆ ಓದಿದವರು ಮುಂದಿದ್ದರು. ವಾರ ಬಿಟ್ಟು ಕೇಳಿದಾಗ, ಓದಿದ್ದನ್ನು ನೋಡದೆ ಬರೆದು ತಮ್ಮನ್ನೇ ಪರೀಕ್ಷಿಸಿಕೊಂಡವರು ಮುಂದಾದರು.

ಹಾಗಾಗಿ ನಾಲ್ಕನೇ ವಾರದ ಕೊನೆಗೆ ಮನೆಯಲ್ಲೇ ಒಂದು ಟೆಸ್ಟ್ ಆಗಲಿ. ಹಳೆಯ ಪ್ರಶ್ನೆಪತ್ರಿಕೆಯಿಂದ ಅಲ್ಲಿಯವರೆಗೆ ಆದ ಪಾಠದ ಪ್ರಶ್ನೆಗಳನ್ನು ಮಾತ್ರ ಆರಿಸಿ, ಪುಸ್ತಕ ಮುಚ್ಚಿ, ಗಡಿಯಾರ ಇಟ್ಟು ಅವಳೇ ಬರೆಯಬೇಕು, ಅವಳೇ ತಿದ್ದಬೇಕು. ಅರ್ಧಕ್ಕಿಂತ ಕಡಿಮೆ ಬಂದ ವಿಷಯಕ್ಕೆ ಆ ವಾರವೇ ಕೈ ಹಾಕಿ. ಕೈಬಿಡುವ ಗಡುವಿಗೆ ಆಗಿನ್ನೂ ಸಮಯ ಇರುತ್ತದೆ.

ಆ ಗಡುವು ಯಾವತ್ತು ಅಂತ ಮೊದಲ ವಾರವೇ ಗೊತ್ತಿರಬೇಕು. ಎಲ್ಲ ವಿಷಯಗಳ ಸಿಲಬಸ್ ಹಾಳೆ ತೆಗೆದು, ದೊಡ್ಡ ಕಾಗದದಲ್ಲಿ 16 ವಾರಗಳ ಕಲಂ ಎಳೆದು, ಪ್ರತಿ ಟೆಸ್ಟ್, ಪ್ರತಿ ಸಲ್ಲಿಕೆಯ ದಿನಾಂಕವನ್ನು ಅದಕ್ಕಿರುವ ಅಂಕದ ಜೊತೆ ಬರೆಯಲಿ. ಬರೆಯುವವಳು ಅವಳು, ನೀವಲ್ಲ. ಸಾಮಾನ್ಯವಾಗಿ ಏಳು ಎಂಟನೇ ವಾರಗಳಲ್ಲಿ ಮೂರು ನಾಲ್ಕು ಒಟ್ಟಿಗೇ ಬಂದು ಬೀಳುತ್ತವೆ. ಅಲ್ಲಿನ ಒಂದನ್ನಾದರೂ ಐದನೇ ವಾರಕ್ಕೆ ಎಳೆದುಕೊಂಡು ಮುಗಿಸಬೇಕು.

ಗಂಟೆಗಳ ಲೆಕ್ಕವನ್ನೂ ಅವಳೇ ಹಾಕಲಿ. ತರಗತಿಯ ಒಂದು ಗಂಟೆಗೆ ಹೊರಗೆ ಎರಡು ಗಂಟೆ ಓದು ಅನ್ನುವುದು ರೂಢಿಯ ಅಂದಾಜು. ವಾರಕ್ಕೆ 15 ಗಂಟೆ ತರಗತಿ ಇದ್ದರೆ ಒಟ್ಟು 45. ವಾರದ 168ರಲ್ಲಿ ನಿದ್ದೆಗೆ 56 ಕಳೆಯಿರಿ, ಈ 45ನ್ನೂ ಕಳೆಯಿರಿ, ಉಳಿಯುವುದು 67. ಊಟ, ಸ್ನಾನ, ಓಡಾಟ, ಗೆಳೆಯರು ಎಲ್ಲ ಅದರಲ್ಲೇ. ಇದರ ಮೇಲೆ 20 ಗಂಟೆ ಕೆಲಸವನ್ನೂ ಹಚ್ಚಿಕೊಂಡರೆ ಮೊದಲು ಸೊರಗುವುದು ನಿದ್ದೆ. ನಿದ್ದೆ ಕತ್ತರಿಸುವ ಬದಲು ಒಂದು ವಿಷಯ ಕಡಿಮೆ ಮಾಡಿಕೊಳ್ಳಲಿ.

ಟ್ಯೂಷನ್ ಈಗ ಬೇಡ. ನಾನು ಹತ್ತನೇ ವಾರ ಗಾಬರಿಯಲ್ಲಿ ಹಾಕಿಸಿದೆ. ಹೇಳಿಕೊಡುವವರು ಚೆಂದವಾಗಿ ಲೆಕ್ಕ ಬಿಡಿಸುತ್ತಿದ್ದರು, ಮಗ ತಲೆಯಾಡಿಸುತ್ತಿದ್ದ. ಮತ್ತದೇ ಗುರುತು ಹಿಡಿಯುವ ಆಟ, ಈ ಸಲ ದುಡ್ಡು ಕೊಟ್ಟು. ಬೇಕೇ ಬೇಕಾದರೆ ಪೆನ್ನು ಅವಳ ಕೈಯಲ್ಲಿರಬೇಕು ಅನ್ನುವ ಕರಾರಿನ ಮೇಲೆ ಹಾಕಿಸಿ. ಅದಕ್ಕಿಂತ ಮೊದಲು ಪಾಠ ಮಾಡುವವರನ್ನೇ ಹೋಗಿ ಕೇಳಲಿ. "ಅರ್ಥವಾಗಲಿಲ್ಲ ಸರ್" ಅಂದರೆ ಅವರೂ ಮೊದಲಿಂದ ಅದೇ ಪಾಠ ಹೇಳುತ್ತಾರೆ. ಅರ್ಧ ಬಿಡಿಸಿದ ಲೆಕ್ಕ ಹಿಡಿದು ಹೋಗಿ, ನಿಂತ ಸಾಲಿನ ಮೇಲೆ ಬೆರಳಿಟ್ಟು ಕೇಳಿದರೆ ಹತ್ತು ನಿಮಿಷದ ಕೆಲಸ.

ದಿನದ ಫೋನ್ ವಿಚಾರಣೆ ನಿಲ್ಲಿಸಿ. ಭಾನುವಾರ ಸಂಜೆ 20 ನಿಮಿಷ ಸಾಕು, ಪ್ರಶ್ನೆ ಮೂರೇ. ಮುಂದಿನ ಎರಡು ವಾರದಲ್ಲಿ ಏನೇನು ಸಲ್ಲಿಸಬೇಕು? ಈ ವಾರ ಪುಸ್ತಕ ಮುಚ್ಚಿ ಏನು ಬರೆದೆ, ಎಲ್ಲಿ ನಿಂತಿತು? ಅದನ್ನು ಯಾರ ಹತ್ತಿರ, ಯಾವ ದಿನ ಕೇಳುತ್ತೀಯ? ಅಂಕದ ಮಾತು ನಿಮ್ಮ ಬಾಯಿಂದ ಬರಬಾರದು. ಬಂದರೆ ಎರಡನೇ ಪ್ರಶ್ನೆಗೆ ನಿಜವಾದ ಉತ್ತರ ಸಿಗುವುದಿಲ್ಲ. "ಪಾಠದ ರೆಕಾರ್ಡಿಂಗ್ ಆಮೇಲೆ ನೋಡ್ತೀನಿ" ಅನ್ನುವ ಮಾತು ಎರಡನೇ ಸಲ ಕೇಳಿದರೆ, ಎಷ್ಟು ಬಾಕಿ ಇವೆ ಎಂದು ಎಣಿಸಲು ಹೇಳಿ. ಊಟ, ನಿದ್ದೆ, ಗೆಳೆಯರು ಮೂರೂ ಒಟ್ಟಿಗೆ ತಪ್ಪುತ್ತಿದ್ದರೆ ಅದು ಓದಿನ ಸಮಸ್ಯೆಯೇ ಇರಲಿಕ್ಕಿಲ್ಲ. ವೇಳಾಪಟ್ಟಿ ಬದಿಗಿಟ್ಟು ಕಾಲೇಜಿನ ಆಪ್ತಸಮಾಲೋಚಕರ ಬಳಿ ಕಳಿಸಿ, ಆಗುವುದಾದರೆ ನೀವೇ ಹೋಗಿ ಬನ್ನಿ.

ಪಾಸ್‌ವರ್ಡನ್ನು ಇವತ್ತೇ ಅವಳಿಂದ ಬದಲಾಯಿಸಿಸಿ, ಹೊಸದನ್ನು ಕೇಳಬೇಡಿ. ಪೋರ್ಟಲ್‌ನಲ್ಲಿ ನೋಡಲೇಬೇಕಾದ್ದು ಏನಾದರೂ ಬಂದರೆ ಭಾನುವಾರ ಅವಳೇ ಓದಿ ಹೇಳಲಿ.