ಕೊಡುವುದಾದರೆ ಓಡುವುದೇಕೆ?

‘ಆರು ತಿಂಗಳ ನಂತರದ ಮ್ಯಾರಥಾನ್‌ಗೆ ಹೆಸರು ಕೊಟ್ಟಿದ್ದೇನೆ. ಇದು ನನ್ನ ಮೊದಲ ಪೂರ್ಣ ಓಟ. ಕ್ಯಾನ್ಸರ್ ಬಂದ ಮಕ್ಕಳಿಗೆ ನೆರವಾಗುವ ಸಂಸ್ಥೆಯೊಂದಕ್ಕೆ ಇದರಿಂದ ಹಣ ಕೂಡಿಸಬೇಕೆಂಬ ಆಸೆ. ನಮ್ಮಣ್ಣನಿಗೆ ಹೇಳಿದರೆ, “ಕೊಡೋದಾದ್ರೆ ಸುಮ್ನೆ ಕೊಡು, ಅದಕ್ಕೆ ಓಡೋದ್ಯಾಕೆ?” ಅಂದ. ಅಂದಿನಿಂದ ಯಾರ ಹತ್ತಿರವೂ ಬಾಯಿಬಿಟ್ಟು ಕೇಳಲು ಆಗುತ್ತಿಲ್ಲ. ನಾನು ಮಾಡುತ್ತಿರುವುದು ಬರೀ ತೋರಿಕೆಯೇ?’
– ಹೆಸರು ಬೇಡವೆಂದ ಓದುಗರು

ಪ್ರಿಯ ಸೋದರಿ,

ನಿಮ್ಮಣ್ಣನ ಪ್ರಶ್ನೆಯನ್ನು ನಾನು ತಳ್ಳಿಹಾಕುವುದಿಲ್ಲ. ಕೊಡುವ ಮನಸ್ಸಿದ್ದವರು ಬೂಟು ಕಟ್ಟಿಕೊಂಡು ಬೀದಿಗಿಳಿಯಬೇಕಿಲ್ಲ, ನಿಜ. ಆದರೆ ಸುಮ್ಮನೆ ಕೊಟ್ಟರೆ ನಿಮ್ಮೊಬ್ಬರ ಹಣ ಒಮ್ಮೆ ಹೋಗುತ್ತದೆ, ಅಲ್ಲಿಗೆ ಮುಗಿಯಿತು. 42.195 ಕಿಲೋಮೀಟರ್ ಓಡುತ್ತೇನೆ ಎಂದು ನಾಲ್ಕು ಜನರ ಮುಂದೆ ಹೇಳಿ ನೋಡಿ. ಆರು ತಿಂಗಳೂ ಸಿಕ್ಕವರೆಲ್ಲ ‘ಎಲ್ಲಿಗೆ ಬಂತು ಓಟ?’ ಎಂದು ತಾವಾಗಿಯೇ ಕೇಳುತ್ತಾರೆ. ಕ್ಯಾನ್ಸರ್ ಬಂದ ಮಗುವಿನ ವಿಷಯವನ್ನು ಸುಮ್ಮಸುಮ್ಮನೆ ಯಾರ ಮುಂದೆಯೂ ಎತ್ತಲಾಗುವುದಿಲ್ಲ, ಎತ್ತಿದರೆ ಎದುರಿಗಿದ್ದವರು ಮಾತು ಮರೆಸುತ್ತಾರೆ. ಓಟದಿಂದ ಆ ಮಾತಿಗೆ ದಾರಿಯಾಗುತ್ತದೆ. ಅಷ್ಟಕ್ಕಾದರೂ ಓಡಬೇಕು ಎನ್ನುವವನು ನಾನು.

ಟೆರಿ ಫಾಕ್ಸ್‌ನನ್ನು ನೆನೆಯಿರಿ. ಕೆನಡಾದ ಹುಡುಗ. 1977ರಲ್ಲಿ, ಹದಿನೆಂಟರ ವಯಸ್ಸಿನಲ್ಲಿ, ಮೂಳೆಯ ಕ್ಯಾನ್ಸರ್‌ನಿಂದ ಬಲಗಾಲನ್ನು ಮೊಣಕಾಲಿನ ಮೇಲಿಂದಲೇ ಕಳೆದುಕೊಂಡ. ಅವನನ್ನು ಎಬ್ಬಿಸಿದ್ದು ತನ್ನ ನೋವಿಗಿಂತ ಹೆಚ್ಚಾಗಿ ಆಸ್ಪತ್ರೆಯಲ್ಲಿ ಕಂಡ ಇತರ ರೋಗಿಗಳ ಪಾಡು. 1980ರ ಏಪ್ರಿಲ್ 12ರಂದು ಅಟ್ಲಾಂಟಿಕ್‌ನ ನೀರಿನಲ್ಲಿ ಕೃತಕ ಕಾಲನ್ನು ಅದ್ದಿ ಹೊರಟವನು ದಿನಕ್ಕೆ ಹೆಚ್ಚುಕಡಿಮೆ ಒಂದು ಮ್ಯಾರಥಾನ್‌ನಷ್ಟು ಓಡಿದ. ಮೊದಲ ವಾರಗಳಲ್ಲಿ ಅವನನ್ನು ಕೇಳಿದವರು ಕಡಿಮೆ. ಆದರೂ ಊರೂರಿನಲ್ಲಿ ನಿಂತು ಮಾತಾಡಿದ, ಕೇಳಿದ, ಮತ್ತೆ ಓಡಿದ. 143 ದಿನ, 5,373 ಕಿಲೋಮೀಟರ್ ಆದ ಮೇಲೆ ಕ್ಯಾನ್ಸರ್ ಶ್ವಾಸಕೋಶಕ್ಕೆ ಹಬ್ಬಿದ್ದು ತಿಳಿದು ಸೆಪ್ಟೆಂಬರ್ 1ರಂದು ನಿಲ್ಲಬೇಕಾಯಿತು. ದೇಶದ ಪ್ರತಿಯೊಬ್ಬರಿಂದ ಒಂದು ಡಾಲರ್ ಎಂಬುದು ಅವನ ಆಸೆ. ಮುಂದಿನ ಫೆಬ್ರವರಿಗೆ 2.4 ಕೋಟಿ ಡಾಲರ್ ದಾಟಿ ಅದು ಕೈಗೂಡಿತು, ಅವನು ಬದುಕಿರುವಾಗಲೇ. ಜೂನ್‌ನಲ್ಲಿ ಹೋಗಿಬಿಟ್ಟ. 22 ವರ್ಷ. ಓಟದಷ್ಟೇ ದೊಡ್ಡದಾಗಿ ನನಗೆ ಕಾಣುವುದು ಅವನು ನಾಚದೆ ಕೇಳಿದ್ದು.

ಇನ್ನು, ಕೂಡಿದ ಹಣ ಏನಾಗಬೇಕು? ನನ್ನ ಮನಸ್ಸು ಹೆಚ್ಚು ಅಂಟಿಕೊಂಡಿರುವುದು ಇಲ್ಲೇ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 4 ಲಕ್ಷ ಮಕ್ಕಳು, ಹದಿಹರೆಯದವರು ಕ್ಯಾನ್ಸರ್‌ಗೆ ತುತ್ತಾಗುತ್ತಾರೆ. ಶ್ರೀಮಂತ ದೇಶಗಳಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಮಕ್ಕಳು ಗುಣವಾಗುತ್ತಾರೆ. ಅನೇಕ ಬಡ ದೇಶಗಳಲ್ಲಿ 30 ಮಂದಿಯೂ ಇಲ್ಲ. ರೋಗ ತಡವಾಗಿ ಗೊತ್ತಾಗುವುದು ಒಂದು ಕಾರಣ, ಔಷಧಿ ಕೈಗೆಟುಕದಿರುವುದು ಇನ್ನೊಂದು. ಮೂರನೆಯದು ನಾನು ಹತ್ತಿರದಿಂದ ನೋಡಿದ್ದು: ಶುರುವಾದ ಚಿಕಿತ್ಸೆ ನಡುವೆಯೇ ನಿಂತುಹೋಗುವುದು.

ನಮ್ಮ ಅಕ್ಕನ ಮಗನಿಗೆ ಆರು ವರ್ಷವಿದ್ದಾಗ ರಕ್ತದ ಕ್ಯಾನ್ಸರ್ ಬಂತು. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಯೇ ಅದು, ಚಿಕಿತ್ಸೆ ಎರಡು-ಮೂರು ವರ್ಷ ಹಿಡಿಯುತ್ತದೆ. ಅಕ್ಕ ಅವನ ಗಣಿತದ ಚೌಕುಳಿ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಬರೆದಿಡುತ್ತಿದ್ದಳು. ಒಂದು ಮನೆಯಲ್ಲಿ ಜ್ವರ, ಒಂದರಲ್ಲಿ ರಕ್ತದ ಎಣಿಕೆ, ಒಂದರಲ್ಲಿ ರಾತ್ರಿಯ ಮಾತ್ರೆ. ಒಂದು ದಿನ ಇಡೀ, ಮರುದಿನ ಅರ್ಧ. ಅರ್ಧ ನುಂಗಿದ ದಿನ ರೈಟ್ ಮಾರ್ಕನ್ನೂ ಅರ್ಧವೇ ಹಾಕಬೇಕೆಂದು ಅವನ ಹಟ. ಜ್ವರ 38 ಡಿಗ್ರಿ ಸೆಲ್ಸಿಯಸ್ ದಾಟಿತೆಂದರೆ ನಡುರಾತ್ರಿಯಾದರೂ ಆಸ್ಪತ್ರೆಗೆ ಓಡಬೇಕಿತ್ತು. ಅಕ್ಕನಿಗೆ ಓಡಲು ನಾವಿದ್ದೆವು. ಪಕ್ಕದ ಹಾಸಿಗೆಯ ಹುಡುಗನ ಅಪ್ಪ ದಿನಗೂಲಿಯವರು. ಒಂದು ಬೆಳಿಗ್ಗೆ ಹೋದರೆ ಆ ಹಾಸಿಗೆಗೆ ಹೊಸ ಬಟ್ಟೆ ಹಾಸಿತ್ತು. ಎದೆ ಧಸಕ್ಕೆಂದಿತು. ಅವನು ತೀರಿಕೊಂಡಿರಲಿಲ್ಲ. ರಕ್ತದಲ್ಲಿ ಕ್ಯಾನ್ಸರ್ ಕಾಣುತ್ತಿಲ್ಲ ಎಂದು ಡಾಕ್ಟರು ಹೇಳಿದ್ದರು, ಹುಡುಗ ಆಡಿಕೊಂಡೂ ಇದ್ದ, ಗುಣವಾಯಿತೆಂದು ಮನೆಯವರು ಕರೆದೊಯ್ದರು. ಕಾಣದಿದ್ದರೂ ಒಳಗೆ ಉಳಿದಿರುವುದನ್ನು ಕೊಲ್ಲಲೆಂದೇ ಉಳಿದ ಎರಡು ವರ್ಷದ ಔಷಧಿ. ಅದು ಅವರಿಗೆ ಗೊತ್ತಿರಲಿಲ್ಲವೋ, ಗೊತ್ತಿದ್ದೂ ಬಸ್ಸಿನ ಖರ್ಚು, ತಂಗಲು ಜಾಗ, ತಪ್ಪುವ ಕೂಲಿ ಇವುಗಳ ಮುಂದೆ ಸೋತರೋ. ಅವರು ಮತ್ತೆ ಬರಲಿಲ್ಲ.

ಆದ್ದರಿಂದ ನೀವು ಆರಿಸಿಕೊಂಡ ಸಂಸ್ಥೆಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿ: ‘ಮಗುವೊಂದು ಹೇಳಿದ ದಿನ ಚಿಕಿತ್ಸೆಗೆ ಬರದಿದ್ದರೆ ನೀವು ಏನು ಮಾಡುತ್ತೀರಿ?’ ಮನೆಗೆ ಫೋನ್ ಮಾಡುತ್ತೇವೆ, ಪ್ರಯಾಣದ ಖರ್ಚು ಕೊಡುತ್ತೇವೆ, ಉಳಿದುಕೊಳ್ಳಲು ಕೋಣೆ ಇದೆ ಎಂದರೆ ನಿಮ್ಮ ಒಂದೊಂದು ಕಿಲೋಮೀಟರೂ ಸರಿಯಾದ ಕಡೆ ಹೋಗುತ್ತದೆ. ಉತ್ತರ ತಡವರಿಸಿದರೆ ಬೇರೆ ಸಂಸ್ಥೆ ನೋಡಿ.

ಹಣ ನಿಮ್ಮ ಕೈಗೆ ಬರುವುದು ಬೇಡ. ಕೊಡುವವರು ನೇರವಾಗಿ ಸಂಸ್ಥೆಯ ಖಾತೆಗೇ ಹಾಕಿ ರಸೀದಿ ಪಡೆಯಲಿ. ನೋಂದಣಿ, ಬೂಟು, ಪ್ರಯಾಣ ಎಲ್ಲ ನಿಮ್ಮದೇ ಖರ್ಚು ಎಂಬುದನ್ನು ಮೊದಲೇ ಹೇಳಿಬಿಡಿ, ಅಣ್ಣನ ಅರ್ಧ ಅನುಮಾನ ಅಲ್ಲೇ ಕರಗುತ್ತದೆ. ಕೂದಲುದುರಿದ ಮಗುವಿನ ಫೋಟೊ ಮಾತ್ರ ದಯವಿಟ್ಟು ಹಾಕಬೇಡಿ, ಅಪ್ಪ ಅಮ್ಮ ಒಪ್ಪಿದರೂ. ಆ ಮಗು ದೊಡ್ಡದಾಗಬೇಕೆಂದೇ ಅಲ್ಲವೇ ನೀವು ಓಡುತ್ತಿರುವುದು? ನಾಳೆ ಹದಿನೈದರ ವಯಸ್ಸಿನಲ್ಲಿ ತನ್ನ ಆ ಮುಖವನ್ನು ಎಲ್ಲರ ಮೊಬೈಲಿನಲ್ಲಿ ನೋಡುವಂತಾಗಬಾರದು.

ತರಬೇತಿಯ ಬಗ್ಗೆ ಬಲ್ಲವರನ್ನು ಕೇಳಿ. 30 ಕಿಲೋಮೀಟರ್ ದಾಟಿದ ಮೇಲೆ ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆ ಬರಿದಾಗಿ ಕಾಲು ಕಲ್ಲಾಗುತ್ತದೆ. ವಾರಕ್ಕೊಂದು ಉದ್ದನೆಯ ಓಟ ತಪ್ಪಿಸಬೇಡಿ.

ಕೇಳಲು ಬಾಯಿ ಬರದಿದ್ದರೆ ಒಂದು ಉಪಾಯವಿದೆ. 42 ಕಿಲೋಮೀಟರನ್ನು 42 ಜನರಿಗೆ ಹಂಚಿ. ಒಬ್ಬರಿಗೆ ಒಂದು ಕಿಲೋಮೀಟರ್, ಅದರ ದೇಣಿಗೆ ಅವರದು, ಓಟ ನಿಮ್ಮದು. 33ನೆಯದನ್ನು ಬೇರೆ ಯಾರಿಗೂ ಕೊಡಬೇಡಿ, ಅದು ನನ್ನದು. ನಮ್ಮ ಹುಡುಗನ ಚೌಕುಳಿ ಪುಸ್ತಕದಲ್ಲಿ ಕೊನೆಯ ರೈಟ್ ಮಾರ್ಕ್ ಬಿದ್ದದ್ದು 33ನೇ ತಿಂಗಳಿಗೆ. ಸಂಸ್ಥೆಯ ಖಾತೆಯ ವಿವರ ಬರೆದು ಕಳಿಸಿ, ಈ ವಾರವೇ ಹಾಕುತ್ತೇನೆ.

42 ಜನ ಸಿಕ್ಕ ಮೇಲೂ 195 ಮೀಟರ್ ಉಳಿಯುತ್ತದೆ. ಅದನ್ನು ಅಣ್ಣನಿಗೆ ಇಟ್ಟಿರಿ.

– ಸಂಪಾದಕ