ಚಿಹ್ನೆ ಸಿಕ್ಕ ಮೇಲೆ ಉಳಿಯುವುದು 14 ದಿನ

ಪ್ರಶ್ನೆ: ನಾನು ಹಾವೇರಿ ಜಿಲ್ಲೆಯ ಗ್ರಾಮ ಪಂಚಾಯಿತಿ ಸದಸ್ಯೆ. ವಯಸ್ಸು 38. ಮುಂದಿನ ವಿಧಾನಸಭೆ ಚುನಾವಣೆಗೆ ಪಕ್ಷೇತರಳಾಗಿ ನಿಲ್ಲು ಅಂತ ಸುತ್ತಲ ಊರಿನವರು ಹೇಳುತ್ತಿದ್ದಾರೆ. ಒಂದು ಎಕರೆ ಮಾರಿದರೂ ಖರ್ಚಿಗೆ ಸಾಲದು ಅಂತ ಮನೆಯವರ ಚಿಂತೆ. ಎಷ್ಟು ದುಡ್ಡು ಬೇಕು? ಎಲ್ಲಿಂದ ಶುರು ಮಾಡಲಿ?

ಉತ್ತರ: ದಯವಿಟ್ಟು ಜಮೀನು ಮಾರಬೇಡಿ. ನಾಮಪತ್ರದ ಠೇವಣಿ 10 ಸಾವಿರ ರೂಪಾಯಿ. ಪರಿಶಿಷ್ಟ ಜಾತಿ, ಪಂಗಡದವರಿಗೆ 5 ಸಾವಿರ. ಅಭ್ಯರ್ಥಿಯ ಖರ್ಚಿಗೆ 40 ಲಕ್ಷದ ಮಿತಿ ಇದೆ. ಅದನ್ನು ಮೀರಬಾರದು ಅಂತಷ್ಟೇ, ಅಷ್ಟು ಖರ್ಚು ಮಾಡಲೇಬೇಕು ಅಂತಲ್ಲ. ದೊಡ್ಡ ಪಕ್ಷಗಳ ಜೊತೆ ದುಡ್ಡಿನ ಪೈಪೋಟಿಗೆ ಇಳಿದರೆ ಹತ್ತು ಎಕರೆಯೂ ಸಾಲದು.

ನಿಮಗೆ ನಿಜವಾಗಿ ಕಮ್ಮಿ ಬೀಳುವುದು ದಿನಗಳು. 2023ರ ಚುನಾವಣೆ ನೋಡಿ. ನಾಮಪತ್ರ ವಾಪಸ್ ಪಡೆಯಲು ಏಪ್ರಿಲ್ 24 ಕಡೇ ದಿನ. ಪಕ್ಷೇತರರಿಗೆ ಚಿಹ್ನೆ ಖಾತ್ರಿಯಾಗುವುದು ಅದು ಮುಗಿದ ಮೇಲೆಯೇ. ಮೇ 10ಕ್ಕೆ ಮತದಾನ, ಮೇ 8ರ ಸಂಜೆಗೆ ಬಹಿರಂಗ ಪ್ರಚಾರ ಬಂದ್. ಅಂದರೆ 14 ದಿನ. ರಾಜ್ಯದಲ್ಲಿ ಕ್ಷೇತ್ರಕ್ಕೆ ಸರಾಸರಿ 250ಕ್ಕೂ ಜಾಸ್ತಿ ಮತಗಟ್ಟೆಗಳಿವೆ. ದಿನಕ್ಕೆ 18 ಮತಗಟ್ಟೆ ಸುತ್ತಿದರೆ ಒಂದು ಸುತ್ತು ಮುಗಿದೀತು, ಅಷ್ಟೇ. ಕೈ, ಕಮಲ, ತೆನೆ ಹೊತ್ತ ಮಹಿಳೆ ಜನರಿಗೆ ಎಷ್ಟೋ ವರ್ಷದಿಂದ ಗೊತ್ತು. ನಿಮ್ಮದು ಆಗ ತಾನೇ ಸಿಕ್ಕ ಚಿಹ್ನೆ. ಮತಯಂತ್ರದಲ್ಲಿ ಅಭ್ಯರ್ಥಿಯ ಫೋಟೊ ಕೂಡ ಇರುತ್ತದೆ. ಹಾಗಾಗಿ ಚಿಹ್ನೆಗಿಂತ ಮೊದಲು ನಿಮ್ಮ ಮುಖ ಜನರಿಗೆ ಪರಿಚಯ ಆಗಿರಬೇಕು ಅಲ್ವಾ?

ಅದಕ್ಕೇ ಇವತ್ತಿನಿಂದಲೇ ಶುರು ಮಾಡಿ. ಮತದಾರರ ಪಟ್ಟಿ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಮತಗಟ್ಟೆವಾರು ಸಿಗುತ್ತದೆ. ಒಂದೊಂದು ಮತಗಟ್ಟೆಗೂ ಒಂದು ನೋಟ್‌ಬುಕ್ ಇಡಿ. ಅಲ್ಲಿ ನಿಮ್ಮ ಮಾತು ಕೇಳುವ ಇಬ್ಬರು ಯಾರು? ಊರಿನ ತೊಂದರೆ ಏನು? ಯಾವ ಓಣಿಯಲ್ಲಿ ನಿಮಗೆ ಯಾರೂ ಗೊತ್ತಿಲ್ಲ? ಎಲ್ಲ ಬರೆದುಕೊಳ್ಳಿ. ಮತದಾನದ ದಿನ ಮತಗಟ್ಟೆಯಲ್ಲಿ ನಿಮ್ಮ ಪರ ಏಜೆಂಟರಾಗಿ ಕೂರುವವರೂ ಆ ಇಬ್ಬರೇ. ಇನ್ನೊಂದು ಮಾತು: ಜನರ ಮುಂದೆ ಮಾತಾಡುವವರು ನೀವೇ ಆಗಿರಬೇಕು. ಸದಸ್ಯೆ ಸುಮ್ನೆ ನಿಂತು, ಮನೆಯವರು ಮಾತಾಡುವುದನ್ನು ಪಂಚಾಯಿತಿಗಳಲ್ಲಿ ನೋಡಿ ನೋಡಿ ಬೇಜಾರಾಗಿದೆ.

ಇನ್ನು ಕಾಗದಪತ್ರ. ಒಂದು ಮತವೂ ಬೀಳುವ ಮೊದಲೇ ಇಲ್ಲಿ ಕಣದಿಂದ ಹೊರಬೀಳುವವರಿದ್ದಾರೆ. ಪಕ್ಷೇತರರಿಗೆ 10 ಜನ ಸೂಚಕರು, ಅಂದರೆ ನಿಮ್ಮ ಹೆಸರು ಸೂಚಿಸಿ ನಾಮಪತ್ರಕ್ಕೆ ಸಹಿ ಹಾಕುವವರು ಬೇಕು, ಹತ್ತೂ ಜನ ಅದೇ ಕ್ಷೇತ್ರದ ಮತದಾರರಾಗಿರಬೇಕು. ಒಬ್ಬರ ಹೆಸರು ಪಕ್ಕದ ಕ್ಷೇತ್ರದಲ್ಲಿದ್ದರೂ ನಾಮಪತ್ರ ಬಿದ್ದುಹೋಗುತ್ತದೆ. ಹೆಬ್ಬೆಟ್ಟು ಒತ್ತುವವರಿದ್ದರೆ ಅಧಿಕಾರಿಯ ಎದುರಿಗೇ ಒತ್ತಬೇಕು. ಒಬ್ಬರು 4 ನಾಮಪತ್ರದವರೆಗೆ ಸಲ್ಲಿಸಬಹುದು. ಬೇರೆ ಬೇರೆ ಸೂಚಕರನ್ನಿಟ್ಟು ಎರಡಾದರೂ ಕೊಡಿ, ಠೇವಣಿ ಒಂದೇ. ನಾಮಪತ್ರದ ಜೊತೆ ಆಸ್ತಿ, ಸಾಲದ ವಿವರ ಕೊಡುವ ಪ್ರಮಾಣಪತ್ರದಲ್ಲಿ (ಅಫಿಡವಿಟ್) ಯಾವ ಕಾಲಂ ಕೂಡ ಖಾಲಿ ಬಿಡಬೇಡಿ. ಸಾಲ ಇಲ್ಲದಿದ್ದರೆ ‘ಇಲ್ಲ’ ಅಂತ ಬರೆಯಿರಿ, ಗೆರೆ ಎಳೆಯಬೇಡಿ. ನಾಮಪತ್ರ ಕೊಟ್ಟ ಕೂಡಲೇ ಅಲ್ಲೇ ಪ್ರಮಾಣವಚನ ಮುಗಿಸಿಕೊಳ್ಳಿ. ಮನೆಯಲ್ಲಿ ಯಾರಾದರೂ ಸರ್ಕಾರಿ ಗುತ್ತಿಗೆ ಮಾಡುತ್ತಿದ್ದರೆ ಅದು ನಿಮ್ಮ ಹೆಸರಲ್ಲಿ ಇದೆಯಾ ನೋಡಿ. ಇದ್ದರೆ ಸ್ಪರ್ಧೆಗೇ ಅಡ್ಡಿಯಾಗಬಹುದು, ಮೊದಲು ವಕೀಲರ ಹತ್ತಿರ ಹೋಗಿ.

ಗೆಲ್ಲಬಹುದಾ? ನೇರವಾಗಿ ಹೇಳುತ್ತೇನೆ, ಕಷ್ಟ. 2023ರಲ್ಲಿ 224 ಕ್ಷೇತ್ರಗಳಲ್ಲಿ ಪಕ್ಷೇತರರು ಗೆದ್ದದ್ದು ಎರಡೇ ಕಡೆ: ಹರಪನಹಳ್ಳಿ ಮತ್ತು ಗೌರಿಬಿದನೂರು. ಹರಪನಹಳ್ಳಿಯಲ್ಲಿ ಗೆದ್ದ ಲತಾ ಮಲ್ಲಿಕಾರ್ಜುನ್ ಅವರಿಗೆ ತಂದೆ, ಮಾಜಿ ಉಪಮುಖ್ಯಮಂತ್ರಿ ಎಂ.ಪಿ. ಪ್ರಕಾಶ್ ಅವರ ಹೆಸರಿನ ಬಲವೂ ಇತ್ತು. ಠೇವಣಿ ಉಳಿಯಬೇಕಾದರೂ ಸಿಂಧು ಮತಗಳಲ್ಲಿ ಆರನೇ ಒಂದು ಭಾಗಕ್ಕಿಂತ ಜಾಸ್ತಿ ಬರಬೇಕು. ಒಂದೂವರೆ ಲಕ್ಷ ಮತಕ್ಕೆ 25 ಸಾವಿರ ದಾಟಬೇಕು. ಆದರೂ ಒಂದೊಂದು ಮನೆಯ ಬಾಗಿಲಿಗೂ ಹೋಗಿ. 2004ರಲ್ಲಿ ಸಂತೆಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಗೆದ್ದದ್ದು ಒಂದೇ ಒಂದು ಮತದಿಂದ.

ಮನೆಯವರ ಚಿಂತೆಗೂ ಒಂದು ದಾರಿ ಇದೆ. ಕಳೆದುಕೊಂಡರೂ ಮಕ್ಕಳ ಓದಿಗೆ ತೊಂದರೆ ಆಗದಷ್ಟು ಮೊತ್ತವನ್ನು ಮೊದಲೇ ನಿಗದಿ ಮಾಡಿ. ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಚುನಾವಣೆಗೇ ಬೇರೆ ಬ್ಯಾಂಕ್ ಖಾತೆ ತೆರೆಯಬೇಕು. ಆ ಮೊತ್ತ ಅಲ್ಲಿಗೆ ಹಾಕಿ, ಎಲ್ಲ ಖರ್ಚೂ ಅಲ್ಲಿಂದಲೇ ಆಗಲಿ. ಚಹಾ, ಶಾಮಿಯಾನ, ಆಟೊ ಬಾಡಿಗೆ, ಎಲ್ಲದಕ್ಕೂ ರಸೀದಿ ಇಡಿ. ಗೆಲ್ಲಲಿ ಸೋಲಲಿ, ಫಲಿತಾಂಶ ಬಂದ 30 ದಿನದೊಳಗೆ ಜಿಲ್ಲಾ ಚುನಾವಣಾಧಿಕಾರಿಗೆ ಲೆಕ್ಕ ಕೊಡಬೇಕು. ಸೋತ ಬೇಜಾರಲ್ಲಿ ಇದನ್ನು ಮರೆತವರನ್ನು 3 ವರ್ಷ ಅನರ್ಹಗೊಳಿಸುವ ಅಧಿಕಾರ ಆಯೋಗಕ್ಕಿದೆ. ಲೆಕ್ಕದ ಪುಸ್ತಕ ನೋಡಿಕೊಳ್ಳಲು ನಂಬಿಕೆಯ ಒಬ್ಬರನ್ನು ಈಗಲೇ ಗೊತ್ತು ಮಾಡಿಕೊಳ್ಳಿ.