ಕಾಗದ ತಮ್ಮನ ಹೆಸರಿನಲ್ಲಿ, ಕಂತು ಅಣ್ಣನ ಕೈಯಿಂದ

ಪ್ರಶ್ನೆ: ನಾನು ಕುಂದಾಪುರದ ಕಡೆಯವನು. ನಲವತ್ತು ವರ್ಷ ಮುಂಬಯಿಯ ಹೋಟೆಲುಗಳಲ್ಲಿ ದುಡಿದು, ಕೊನೆಗೆ ಗಲ್ಲೆಯಲ್ಲಿ ಕುಳಿತು ನಿವೃತ್ತನಾದೆ. 1998ರಲ್ಲಿ ಡೊಂಬಿವಲಿಯಲ್ಲಿ ನಾಲ್ಕೂವರೆ ಲಕ್ಷಕ್ಕೆ ಫ್ಲ್ಯಾಟ್ ಕೊಂಡೆವು. ನನಗೆ ಸಂಬಳದ ಚೀಟಿ ಇರಲಿಲ್ಲವಾದ್ದರಿಂದ ನೌಕರಿಯಲ್ಲಿದ್ದ ತಮ್ಮನ ಹೆಸರಿನಲ್ಲಿ ಸಾಲ ತೆಗೆದು, ಅವನ ಹೆಸರಿಗೇ ಕರಾರು ಮಾಡಿಸಿದೆವು. ಮುಂಗಡದ ಒಂದೂವರೆ ಲಕ್ಷ ನನ್ನದು. ಹೆಂಡತಿಯ ನಾಲ್ಕು ಬಳೆ ಮಾರಿದ ಹಣವೂ ಅದರಲ್ಲಿದೆ. ಹದಿನೈದು ವರ್ಷ ಕಂತು ಕಟ್ಟಿದವನೂ ಇಂದಿಗೂ ಅಲ್ಲಿ ವಾಸವಿರುವವನೂ ನಾನೇ. ಈಗ ತಮ್ಮ ಮನೆ ಮಾರುತ್ತೇನೆ ಎನ್ನುತ್ತಿದ್ದಾನೆ. ಲಂಡನ್ನಿನಲ್ಲಿ ಕಾನೂನು ಓದುವ ಸೋದರಳಿಯ, ‘ಹೆಸರಿಲ್ಲದಿದ್ದರೂ ದುಡ್ಡು ಹಾಕಿದವರಿಗೆ ಕೋರ್ಟು ಪಾಲು ಕೊಡುತ್ತದೆ ಮಾವ’ ಎಂದ. ನಿಜವೇ? ತಮ್ಮ 2003ರಲ್ಲಿ ಬರೆದ ಇನ್‌ಲ್ಯಾಂಡ್ ಪತ್ರದ ಜೆರಾಕ್ಸ್ ಲಗತ್ತಿಸಿದ್ದೇನೆ.
– ಓದುಗರು, ಡೊಂಬಿವಲಿ

ಉತ್ತರ: ನಿಮ್ಮ ಸೋದರಳಿಯ ಓದಿದ್ದು ಸುಳ್ಳಲ್ಲ, ಆದರೆ ಅದು ಇಂಗ್ಲೆಂಡಿನ ಕಾನೂನು. ಹೆಸರು ಯಾರದೇ ಇರಲಿ, ಹಣ ಕೊಟ್ಟವನಿಗೇ ಆಸ್ತಿಯ ಹಿತ ಮರಳುತ್ತದೆ ಎಂಬ ತತ್ತ್ವವನ್ನು 1788ರ ಡೈಯರ್ ಮೊಕದ್ದಮೆಯಲ್ಲೇ ಅಲ್ಲಿ ಹೇಳಿದ್ದಾರೆ. ಜೋನ್ಸ್ ಮತ್ತು ಕೆರ್ನಾಟ್ ಎಂಬ ಜೋಡಿಯ ಜಂಟಿ ಹೆಸರಿನ ಮನೆಯಲ್ಲಿ, ಬೇರೆಯಾದ ಮೇಲೆ ಅಲ್ಲೇ ಉಳಿದು ವರ್ಷಗಟ್ಟಲೆ ಕಂತು ತುಂಬಿದ ಹೆಂಗಸಿಗೆ 2011ರಲ್ಲಿ ನೂರಕ್ಕೆ ತೊಂಬತ್ತು ಪಾಲು ಸಿಕ್ಕಿತು.

ನಮ್ಮಲ್ಲಿಯೂ 1882ರ ಟ್ರಸ್ಟ್ ಕಾಯಿದೆಯ 82ನೇ ಕಲಮು ಇದನ್ನೇ ಹೇಳುತ್ತಿತ್ತು. 1988ರ ಬೇನಾಮಿ ಕಾಯಿದೆ ಆ ಕಲಮನ್ನೇ ಕಿತ್ತುಹಾಕಿತು. ನೀವು ಮನೆ ಕೊಂಡದ್ದು ಅದಾಗಿ ಹತ್ತು ವರ್ಷಕ್ಕೆ. ಈಗ ‘ಹೆಸರು ಅವನದು, ಮನೆ ನನ್ನದು’ ಎಂದು ದಾವೆ ಹೂಡುವಂತಿಲ್ಲ. ಅವನು ಹೂಡಿದರೆ ಅದೇ ಮಾತನ್ನು ಪ್ರತಿವಾದವಾಗಿ ಎತ್ತುವಂತೆಯೂ ಇಲ್ಲ. ಕಪ್ಪುಹಣದವರಿಗೆಂದು ಹಾಕಿದ ಬೇಲಿ ಸಂಬಳದ ಚೀಟಿಯಿಲ್ಲದ ಹೋಟೆಲಿನವನ ಕಾಲಿಗೂ ಚುಚ್ಚುತ್ತದೆ. ನನ್ನ ತಂದೆಯೂ ಮಾಟುಂಗದಲ್ಲಿ ಗಲ್ಲೆಯ ಮೇಲಿದ್ದವರು. ಅವರ ಖೋಲಿಯ ಪಗಡಿ ರಸೀದಿ, ಅಂದರೆ ಬಾಡಿಗೆ ಹಕ್ಕಿಗೆಂದು ಒಟ್ಟಿಗೆ ಕೊಟ್ಟ ಹಣದ ಚೀಟಿ, ಧಣಿಯ ಹೆಸರಿನಲ್ಲಿತ್ತು. ಹಾಗಾಗಿ ಈ ವಿಷಯದಲ್ಲಿ ನಾನು ಪೂರ್ತಿ ತಟಸ್ಥನಲ್ಲ.

ಇನ್ನು ಆ ಪತ್ರ. ‘ಮನೆಯ ಚಿಂತೆ ಬೇಡ ಅಣ್ಣ, ಕಾಗದ ನನ್ನ ಹೆಸರಿನಲ್ಲಿದೆ ಅಷ್ಟೆ, ಮನೆ ನಿನ್ನದೇ. ನೀನು ಹೇಳಿದ ದಿನ ಬರೆದುಕೊಡುತ್ತೇನೆ.’ ನೀವು ಇದನ್ನು ಕೆಂಪು ಶಾಯಿಯಲ್ಲಿ ಗೆರೆ ಎಳೆದು ಕಳಿಸಿದ್ದೀರಿ. ಎದುರು ಪಕ್ಷದ ವಕೀಲರೂ ಅಲ್ಲೇ ಗೆರೆ ಎಳೆಯುತ್ತಾರೆ: ಬೇನಾಮಿ ಎಂದರೇನು ಎಂಬುದಕ್ಕೆ ಇದಕ್ಕಿಂತ ಚೊಕ್ಕ ವಿವರಣೆ ಬೇಕೇ? ಬೇನಾಮಿ ಎಂದು ತೀರ್ಮಾನವಾದರೆ 2016ರ ತಿದ್ದುಪಡಿಯ ಪ್ರಕಾರ ತಮ್ಮ ಮನಸ್ಸು ಬದಲಿಸಿ ಮನೆ ಹಿಂದಿರುಗಿಸಿದರೂ ಆ ವರ್ಗಾವಣೆ ಊರ್ಜಿತವಾಗುವುದಿಲ್ಲ. ಆದ್ದರಿಂದ ಅವಸರದಲ್ಲಿ ನೋಟಿಸು ಕಳಿಸಬೇಡಿ.

ಒಂದು ಸಣ್ಣ ದಾರಿ ಇದೆ. ಹೆಸರಿನವನು ನಂಬಿಕೆಯ ಮೇಲೆ, ಇನ್ನೊಬ್ಬರಿಗಾಗಿ ಆಸ್ತಿ ಹಿಡಿದಿಟ್ಟುಕೊಂಡವನಾಗಿದ್ದರೆ ಅದು ಬೇನಾಮಿಯಲ್ಲ. ಬೆಂಗಳೂರಿನ ಮಾರ್ಟಿನ್ಸ್ ಕುಟುಂಬದ ಮೊಕದ್ದಮೆಯಲ್ಲಿ ಒಬ್ಬ ಮಗನ ಹೆಸರಿಗೆ ಕ್ರಯಪತ್ರವಾಗಿದ್ದರೂ ಹಣ ಹಾಕಿದ ತಂದೆ, ಒಡಹುಟ್ಟಿದವರಿಗೆ ಸುಪ್ರೀಂ ಕೋರ್ಟು 2012ರಲ್ಲಿ ಈ ದಾರಿಯನ್ನು ತೆರೆಯಿತು. ಆದರೆ ಅಲ್ಲಿ ತಾಯಿಯ ಹಳೆಯ ಬಾಡಿಗೆ ಹಕ್ಕು ಬೇರಿನಂತಿತ್ತು. ನಿಮ್ಮಲ್ಲಿ ಅಂಥ ಬೇರಿಲ್ಲ. ಅಣ್ಣ ತಮ್ಮ ಎಂಬ ಸಂಬಂಧವೊಂದೇ ಸಾಲದು. ಗೆದ್ದೇ ಗೆಲ್ಲುತ್ತೀರಿ ಎಂದು ಹೇಳಲಾರೆ.

ಮೊದಲು ಬಿಲ್ಡರನ ಮೂಲ ಕರಾರು, ಸೊಸೈಟಿಯ ಶೇರು ಪತ್ರ, ಸಾಲದ ಅರ್ಜಿ ಹುಡುಕಿ. ಯಾವುದರಲ್ಲಾದರೂ ನಿಮ್ಮ ಹೆಸರು ಜಂಟಿ ಮಾಲೀಕನೆಂದು ಬಿದ್ದಿದೆಯೇ ನೋಡಿ. ಒಡಹುಟ್ಟಿದವರಿಗೆ ಈಗಿನ ಕಾನೂನಿನಲ್ಲಿರುವ ವಿನಾಯಿತಿ ನಿಂತಿರುವುದು ಅದರ ಮೇಲೆ. ಕಂತಿನ ಚಲನುಗಳಲ್ಲಿ ಹಣ ತುಂಬಿದವರ ಸಹಿಯ ಜಾಗದಲ್ಲಿ ನಿಮ್ಮ ಸಹಿ ಇರಬಹುದು. ಬಳೆ ಮಾರಿದ ಅಂಗಡಿಯ ಚೀಟಿ ಸಿಕ್ಕರೆ ಅದನ್ನೂ ಇಡಿ; ಆ ಚಿನ್ನ ನಿಮ್ಮದಲ್ಲ, ನಿಮ್ಮ ಹೆಂಡತಿಯವರ ಸ್ತ್ರೀಧನ. ಅವರನ್ನೂ ವಕೀಲರ ಬಳಿ ಕರೆದುಕೊಂಡು ಹೋಗಿ. ಹಕ್ಕಿನ ಘೋಷಣೆಗೆ ದಾವೆ ಹೂಡುವುದಾದರೆ ತಮ್ಮ ಮೊದಲು ನಿರಾಕರಿಸಿದ ದಿನದಿಂದ ಮೂರು ವರ್ಷದ ಗಡುವು.

ಇಪ್ಪತ್ತೈದು ವರ್ಷಕ್ಕೂ ಮೇಲೆ ವಾಸವಿದ್ದೇನೆ ಎಂಬ ಧೈರ್ಯ ಬೇಡ. ಒಪ್ಪಿಗೆಯ ಮೇಲಿನ ವಾಸ ಎಷ್ಟು ವರ್ಷವಾದರೂ ಒಡೆತನವಾಗುವುದಿಲ್ಲ. ಮತ್ತೊಂದು ಮಾತು: ‘ಸೊಸೈಟಿಯ ದಾಖಲೆಗೆ ಬೇಕು, ಬರೀ ಶಾಸ್ತ್ರಕ್ಕೆ’ ಎಂದು ತಮ್ಮ ಹನ್ನೊಂದು ತಿಂಗಳ ಲೀವ್ ಅಂಡ್ ಲೈಸೆನ್ಸ್ ಕರಾರು (ಮಾಲೀಕನ ಅನುಮತಿಯ ಮೇಲೆ ವಾಸವಿರುವ ಬಾಡಿಗೆಯಂಥ ಒಪ್ಪಂದ) ತಂದರೆ ಸಹಿ ಹಾಕಬೇಡಿ. ಅದರ ಮೊದಲ ಸಾಲಿನಲ್ಲೇ ಅವನು ಮಾಲೀಕ ಎಂದಿರುತ್ತದೆ.